ಸೋಂಕಿನಿಂದ ಅಮ್ಮನ ಕಾಲಿನ ಚರ್ಮ ಹೋಗಿದೆ. ಕೃತಕ ಚರ್ಮ ಹಾಕಿಸಬೇಕಾ, ನೇರ ಗ್ರಾಫ್ಟ್ ಸಾಕಾ?

ಮಾದಾಪುರ_ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ ಹೇಳಿ.

ಅಮ್ಮನಿಗೆ 60 ದಾಟಿದೆ, ಶುಗರ್ ಇದೆ. ಮಳೆ ಶುರುವಾದ ಮೇಲೆ ತೋಟದಲ್ಲಿ ಕಳೆ ತೆಗೆಸುವಾಗ ಎಡಗಾಲಿಗೆ ಯಾವುದೋ ಕಡ್ಡಿ ಗೀರಿತು. ಗಾಯ ಅಂತ ಹೇಳೋಕೂ ಆಗದಷ್ಟು ಚಿಕ್ಕದು. ಮರುದಿನ ಸಂಜೆಗೆ ಜ್ವರ ಬಂತು, ಕಾಲು ಊದಿತು, ಕಂಬಳಿ ತಾಗಿದರೂ ಕಿರುಚುತ್ತಿದ್ದರು. ಹೊರಗೆ ನೋಡಿದರೆ ಬರೀ ಕೆಂಪು, ಅಷ್ಟು ನೋವು ಯಾಕೆ ಅಂತ ಯಾರಿಗೂ ಅರ್ಥ ಆಗಲಿಲ್ಲ. ಆಮೇಲೆ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ ನೀರುಗುಳ್ಳೆ ಎದ್ದಿತು. ಮಡಿಕೇರಿಯಲ್ಲಿ ನೋಡಿದ ಡಾಕ್ಟ್ರು ‘ನೆಕ್ರೊಟೈಸಿಂಗ್ ಫೇಶಿಯೈಟಿಸ್ ಇರಬಹುದು, ಚರ್ಮದ ಕೆಳಗಿನ ಪೊರೆ, ಕೊಬ್ಬನ್ನು ಬೇಗ ಬೇಗ ಸಾಯಿಸುವ ಸೋಂಕು, ಒಂದು ಗಂಟೆನೂ ಕಾಯಬೇಡಿ’ ಅಂತ ಮೈಸೂರಿಗೆ ಕಳಿಸಿದರು. ಅದೇ ರಾತ್ರಿ ಆಪರೇಷನ್ ಆಯಿತು. ಸತ್ತ ಚರ್ಮ, ಅದರ ಕೆಳಗಿನ ಕೊಬ್ಬು, ಪೊರೆ ಎಲ್ಲ ತೆಗೆದರು. ಮತ್ತೆ ಮತ್ತೆ ಒಳಗೆ ಕರೆದುಕೊಂಡು ಹೋಗಿ ಉಳಿದಿದ್ದನ್ನೂ ತೆಗೆದರು. ಜೀವ ಉಳಿಯಿತು, ಕಾಲೂ ಉಳಿಯಿತು.

ಈಗ ಮೊಣಕಾಲಿನ ಕೆಳಗಿಂದ ಪಾದದ ಮೇಲ್ಭಾಗದವರೆಗೆ ಚರ್ಮ ಇಲ್ಲ. ವ್ಯಾಕ್ ಮೆಷಿನ್ ಹಾಕಿದ್ದಾರೆ, ಗಾಯದ ಮೇಲೆ ಸ್ಪಂಜ್ ಇಟ್ಟು ಕೀವು, ನೀರು ಎಳೆದುಕೊಳ್ಳೋದು. ಹೆಚ್ಚಿನ ಕಡೆ ಕೆಂಪು ಮಾಂಸ ಚೆನ್ನಾಗಿ ಬಂದಿದೆಯಂತೆ. ಪಾದದ ಗಿಣ್ಣಿನ ಮುಂದೆ ಮಾತ್ರ ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ನಾರು, ಬಿಳಿಯಾಗಿ ಕಾಣುತ್ತಿದೆ. ಪ್ಲಾಸ್ಟಿಕ್ ಸರ್ಜನ್ ಬಂದು ನೋಡಿ, ಮೊದಲು ಕೃತಕ ಚರ್ಮದ ಶೀಟ್ ಹಾಕಿ ಕೆಲವು ವಾರ ಬಿಟ್ಟು ಅದರ ಮೇಲೆ ತೊಡೆಯ ಚರ್ಮ ಹಾಕುವುದು (ಗ್ರಾಫ್ಟ್) ಒಳ್ಳೆಯದು ಅಂದರು. ಅಣ್ಣನಿಗೆ ಇದು ಇಷ್ಟ ಇಲ್ಲ. ಹೇಗಿದ್ದರೂ ಕೊನೆಗೆ ತೊಡೆ ಚರ್ಮನೇ ಹಾಕೋದಾದರೆ ನಡುವೆ ಇನ್ನೊಂದು ಆಪರೇಷನ್ ಯಾಕೆ, ಶೀಟಿನ ದುಡ್ಡು ಬೇರೆ ಯಾಕೆ ಅಂತಾನೆ. ನನಗಿರೋ ಭಯ ಬೇರೆ. ಇಷ್ಟು ದೊಡ್ಡ ಸೋಂಕು ಆದ ಜಾಗಕ್ಕೆ ಹೊರಗಿನ ವಸ್ತು ಇಟ್ಟರೆ ಮತ್ತೆ ಕೀವು ಆಗಲ್ವಾ?

ಗೊತ್ತಿರೋರು ಹೇಳಿ. ಡಾಕ್ಟ್ರು ಹೇಳಿದ್ದು ಅರ್ಧ ತಲೆಗೆ ಹೋಗಲಿಲ್ಲ, ಅವರಿಗೂ ಪುರುಸೊತ್ತು ಇರಲಿಲ್ಲ.

—

ಗೋಣಿಕೊಪ್ಪ_ಸರ್ಜನ್:

ಊರು ಗೋಣಿಕೊಪ್ಪ, ಕೆಲಸ ಹೊರಗೆ, ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ಇದ್ದೇನೆ. ಕಾಲು ನೋಡದೆ ಹೇಳುತ್ತಿದ್ದೇನೆ, ಹಾಗಾಗಿ ಇದನ್ನು ಇಟ್ಟುಕೊಂಡು ನಿಮ್ಮ ಸರ್ಜನ್ ಹತ್ತಿರ ಮಾತಾಡಿ, ಅವರ ಬದಲಿಗೆ ಅಲ್ಲ.

ನಿಮ್ಮ ಅಣ್ಣ ಕೇಳಿದ್ದು ಸರಿಯಾದ ಪ್ರಶ್ನೆ. ತೊಡೆಯಿಂದ ತೆಗೆಯುವ ಗ್ರಾಫ್ಟ್ ತುಂಬಾ ತೆಳು, ಮಿಲಿಮೀಟರಿನ ಕಾಲು ಭಾಗದಷ್ಟು. ಅದಕ್ಕೆ ತನ್ನದೇ ರಕ್ತನಾಳ ಇರಲ್ಲ. ಮೊದಲ ಎರಡು ದಿನ ಗಾಯದ ನೆಲದಿಂದ ಒಸರುವ ದ್ರವ ಹೀರಿಕೊಂಡು ಬದುಕುತ್ತದೆ, ಆಮೇಲೆ ಕೆಳಗಿನ ಸಣ್ಣ ರಕ್ತನಾಳಗಳು ಅದರೊಳಗೆ ಸೇರುತ್ತವೆ. ಅಂದರೆ ಕೆಳಗೆ ರಕ್ತ ಓಡಾಡುವ ಮಾಂಸ ಇದ್ದರೆ ಮಾತ್ರ ಅದು ಹಿಡಿಯುತ್ತದೆ. ಮೇಲಿನ ಪೊರೆ ಹೋದ ಬರೀ ಟೆಂಡನ್ ಮೇಲೆ, ಪೊರೆ ಹೋದ ಮೂಳೆ ಮೇಲೆ ಹಿಡಿಯಲ್ಲ, ಕಪ್ಪಾಗಿ ಉದುರುತ್ತದೆ. ಅಕ್ಕಪಕ್ಕದಿಂದ ಹೇಗೋ ಮುಚ್ಚಿಕೊಂಡರೂ ಚರ್ಮ ಟೆಂಡನ್‌ಗೆ ಅಂಟಿಕೊಂಡುಬಿಡುತ್ತದೆ. ಟೆಂಡನ್ ಜಾರಾಡಬೇಕು, ಆಗ ಪಾದ ಮೇಲಕ್ಕೆ ಏಳುತ್ತದೆ. ಅಂಟಿದರೆ ಪಾದ ಗಟ್ಟಿಯಾಗುತ್ತದೆ. ಈ ಕಾಯಿಲೆಯಲ್ಲಿ ಕೊಬ್ಬು, ಪೊರೆ ಎಲ್ಲ ತೆಗೆದಿರುವುದರಿಂದ ನಡುವೆ ಮೆತ್ತೆ ಅನ್ನೋದೇ ಇರಲ್ಲ ನೋಡಿ, ಸುಟ್ಟ ಗಾಯಕ್ಕಿಂತ ಇಲ್ಲಿ ಈ ತೊಂದರೆ ಜಾಸ್ತಿ.

ಆ ಶೀಟ್ ಇರುವುದು ಇದಕ್ಕೆ. ಜನ ಕೃತಕ ಚರ್ಮ ಅಂತಾರೆ, ಆದರೆ ಅದು ಚರ್ಮದ ಕೆಲಸ ಪೂರ್ತಿ ಮಾಡಲ್ಲ. ಚರ್ಮದ ಒಳಪದರ ಬೆಳೆಯೋಕೆ ಒಂದು ಆಸರೆ ಅಷ್ಟೆ. ಮೆಣಸಿನ ಬಳ್ಳಿಗೆ ಸಿಲ್ವರ್ ಓಕ್ ಇದ್ದ ಹಾಗೆ ಅಂದುಕೊಳ್ಳಿ, ಒಂದೇ ವ್ಯತ್ಯಾಸ, ಇಲ್ಲಿ ಬಳ್ಳಿ ಗಟ್ಟಿಯಾದ ಮೇಲೆ ಮರ ತಾನೇ ಕರಗುತ್ತದೆ. ಶೀಟಿನ ಸಣ್ಣ ಸಣ್ಣ ರಂಧ್ರಗಳೊಳಗೆ ಅಮ್ಮನದೇ ಜೀವಕೋಶ, ರಕ್ತನಾಳ ಹತ್ತುತ್ತವೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವು ಬಗೆಯಲ್ಲಿ ಇನ್ನೂ ಹೆಚ್ಚು. ಮೇಲೆ ಒಂದು ಪೊರೆ ಇರುತ್ತದೆ, ಸಿಲಿಕಾನ್ ಅಥವಾ ಅಂಥದ್ದು. ನೀರಿನಂಶ ಹೊರಹೋಗದಂತೆ, ಕೊಳೆ ಒಳಬರದಂತೆ ಅದು ಅಷ್ಟು ದಿನ ತಡೆಯುತ್ತದೆ. ಆಮೇಲೆ ಆ ಪೊರೆ ಸುಲಿದು ತೆಳುವಾದ ಗ್ರಾಫ್ಟ್ ಹಾಕುತ್ತಾರೆ. ಒಳಪದರ ಆಗಲೇ ಬಂದಿರುವುದರಿಂದ ಗ್ರಾಫ್ಟ್ ಇನ್ನೂ ತೆಳು ಇದ್ದರೂ ನಡೆಯುತ್ತದೆ. ತೊಡೆಯ ಗಾಯವೂ ಬೇಗ ಮಾಯುತ್ತದೆ.

ಹಾಗಂತ ಇಡೀ ಕಾಲಿಗೆ ಬೇಕು ಅಂತಿಲ್ಲ. ಮೀನಖಂಡದ ಮೇಲೆ ಕೆಂಪು ಮಾಂಸ ಚೆನ್ನಾಗಿ ಬಂದಿದ್ದರೆ ಅಲ್ಲಿ ನೇರ ಗ್ರಾಫ್ಟ್ ಸಾಕು. ಗಿಣ್ಣಿನ ಮುಂಭಾಗಕ್ಕೆ ಮಾತ್ರ ಶೀಟ್ ಹಾಕಬಹುದು. ಬೆಲೆ ಶೀಟಿನ ಅಳತೆ ಮೇಲೆ ಹೋಗುತ್ತದೆ, ಆದ್ದರಿಂದ ಇದು ಸಣ್ಣ ಮಾತಲ್ಲ. ‘ಎಲ್ಲ ಕಡೆ ಬೇಕಾ, ಟೆಂಡನ್ ಇರುವಲ್ಲಿ ಮಾತ್ರ ಸಾಕಾ’ ಅಂತ ನೇರವಾಗಿ ಕೇಳಿ. ನಾನಾಗಿದ್ದರೆ ಮೊದಲು ಇದನ್ನೇ ಕೇಳುತ್ತಿದ್ದೆ.

ಇನ್ನು ನಿಮ್ಮ ಭಯ. ಅದೂ ಸುಳ್ಳಲ್ಲ. ಶೀಟ್ ಹಾಕಿದ ಮೊದಲ ದಿನಗಳಲ್ಲಿ ಅದರೊಳಗೆ ರಕ್ತ ಓಡಾಟ ಇಲ್ಲ, ಕೊಟ್ಟ ಆ್ಯಂಟಿಬಯೋಟಿಕ್ ಅಲ್ಲಿಗೆ ತಲುಪಲ್ಲ. ಕೆಳಗೆ ಕ್ರಿಮಿ ಉಳಿದಿದ್ದರೆ ಅದಕ್ಕೆ ಒಳ್ಳೆ ಮನೆ ಸಿಕ್ಕಿತು ಅಂತಲೇ. ಅದಕ್ಕೇ ಸೋಂಕು ಹರಡುವುದು ಪೂರ್ತಿ ನಿಂತು, ಸತ್ತ ಮಾಂಸ ಏನೂ ಉಳಿದಿಲ್ಲ ಅಂತ ಖಾತ್ರಿಯಾಗಿ, ರಕ್ತದ ರಿಪೋರ್ಟ್ ಇಳಿದ ಮೇಲೆ ಮಾತ್ರ ಹಾಕುತ್ತಾರೆ. ಯಾವ ಕ್ರಿಮಿ ಇದೆ ಅಂತ ನೋಡೋಕೆ ಗಾಯದಿಂದ ಕಲ್ಚರ್‌ಗೆ ಕೊಟ್ಟಿದ್ದಾರಾ, ಏನು ಬಂತು, ಕೇಳಿ. ಸ್ಟ್ರೆಪ್ಟೊಕಾಕಸ್ ಅನ್ನೋ ಕ್ರಿಮಿ ಇನ್ನೂ ಉಳಿದಿದ್ದರೆ ಬರೀ ಗ್ರಾಫ್ಟ್ ಹಾಕಿದರೂ ಕರಗಿಸಿಬಿಡುತ್ತದೆ.

ಇನ್ನೊಂದು. ಶುಗರ್ ಇರುವ ಕಾಲು, ರಕ್ತ ಪಾದದವರೆಗೆ ಸರಿಯಾಗಿ ಹೋಗುತ್ತಿದೆಯಾ ಅಂತ ಡಾಪ್ಲರ್ ಸ್ಕ್ಯಾನ್ ಮಾಡಿದ್ದಾರಾ? ರಕ್ತವೇ ಕಮ್ಮಿ ಇದ್ದರೆ ಯಾವ ಶೀಟೂ ಕೆಲಸ ಮಾಡಲ್ಲ.

—

ಕಕ್ಕಡ_18:

ಇಷ್ಟೆಲ್ಲ ಯಾಕೆ? ನಮ್ಮ ಕಡೆ ಮದ್ದು ಸೊಪ್ಪು ಅರೆದು ಹಚ್ಚಿದರೆ ಎಂಥ ಗಾಯನೂ ಮಾಯುತ್ತದೆ. ಹಿಂದಿನವರು ಕಾಫಿಪುಡಿ ಒತ್ತಿ ಕಟ್ಟುತ್ತಿದ್ದರು, ಯಾರಿಗೂ ಏನೂ ಆಗಿಲ್ಲ.

—

ಕುಶಾಲನಗರ_ಸಿಸ್ಟರ್:

ಮದ್ದು ಸೊಪ್ಪಿನ ಪಾಯಸ ಕಕ್ಕಡ ತಿಂಗಳಲ್ಲಿ ಕುಡೀರಿ ಅಣ್ಣಾ, ಯಾರೂ ಬೇಡ ಅನ್ನಲ್ಲ. ಗಾಯಕ್ಕೆ ಬೇಡ. ಅರಿಶಿನ ಬೇಡ, ಕಾಫಿಪುಡಿ ಬೇಡ, ಜೇಡರ ಬಲೆ ಅಂತೂ ಬೇಡವೇ ಬೇಡ. ಹಾಗೆ ಕಟ್ಟಿಕೊಂಡು ಬಂದ ಕಾಲುಗಳನ್ನು ತೊಳೆಯುವುದೇ ನನ್ನ ಅರ್ಧ ಕೆಲಸ. ಪುಡಿ ಮಾಂಸದೊಳಗೆ ಸೇರಿ, ಯಾವುದು ಸತ್ತಿದ್ದು ಯಾವುದು ಬದುಕಿದ್ದು ಅಂತಲೇ ಗೊತ್ತಾಗಲ್ಲ.

ಅಕ್ಕಾ, ಡಾಕ್ಟ್ರು ಹೇಳಿದ್ದು ಓದಿದೆ. ನಾನು ವಾರ್ಡಿನ ಕಡೆಯಿಂದ ಹೇಳುತ್ತೇನೆ.

ಶೀಟ್ ಹಾಕಿದ ಮೇಲೆ ಅದು ಅಲ್ಲಾಡಬಾರದು. ಎಲ್ಲಕ್ಕಿಂತ ಮುಖ್ಯ ಅದು. ಹೊಸ ರಕ್ತನಾಳ ಒಳಗೆ ಹೋಗುತ್ತಿರುವಾಗ ಶೀಟ್ ಜಾರಿದರೆ ಎಲ್ಲ ಹರಿದು ಹೋಗುತ್ತದೆ. ಅದಕ್ಕೇ ಅಂಚಿಗೆ ಸ್ಟೇಪಲ್ ಹೊಡೆದು ಮೇಲೆ ಮತ್ತೆ ವ್ಯಾಕ್ ಕಟ್ಟುತ್ತಾರೆ, ಗಿಣ್ಣು ಮಡಚದಂತೆ ಸ್ಪ್ಲಿಂಟ್ ಹಾಕುತ್ತಾರೆ. ಪಾದ ನೇರ ಮೇಲಕ್ಕೆ ನಿಂತಿರಬೇಕು, ಕೆಳಗೆ ಬೀಳಬಾರದು. ಅಮ್ಮ ರಾತ್ರಿ ನಿದ್ದೆಯಲ್ಲಿ ಕಾಲು ಎಳೆದುಕೊಳ್ಳುತ್ತಾರಾ ನೋಡಿ, ವಯಸ್ಸಾದವರು ಸುಮ್ನೆ ಬಾತ್‌ರೂಮಿಗೆ ಅಂತ ಎದ್ದುಬಿಡುತ್ತಾರೆ. ಯಾರಾದರೂ ಪಕ್ಕದಲ್ಲೇ ಮಲಗಬೇಕು.

ವ್ಯಾಕ್ ಎಳೆಯುವ ಒತ್ತಡ ಸಾಮಾನ್ಯವಾಗಿ ಮೈನಸ್ 125 (ಎಂಎಂ ಪಾದರಸ) ಇಟ್ಟಿರುತ್ತಾರೆ. ಎಲ್ಲಾದರೂ ಗಾಳಿ ಸೋರಿದರೆ ಮೆಷಿನ್ ಕೂಗುತ್ತದೆ. ಗಾಬರಿ ಬೇಡ, ಸಿಸ್ಟರ್‌ನ ಕರೀರಿ. ಆದರೆ ಎರಡು ಗಂಟೆಗಿಂತ ಹೆಚ್ಚು ಮೆಷಿನ್ ನಿಂತಿದ್ದರೆ ಆ ಸ್ಪಂಜನ್ನು ಹಾಗೇ ಬಿಡಬಾರದು, ಬಿಚ್ಚಿ ಬೇರೆ ಡ್ರೆಸ್ಸಿಂಗ್ ಮಾಡಬೇಕು. ಇದನ್ನು ಯಾಕೆ ಹೇಳಿದೆ ಅಂದರೆ, ಮಧ್ಯೆ ಸಣ್ಣ ಮೆಷಿನ್ ಕೊಟ್ಟು ಮನೆಗೆ ಹೋಗಿ ಅಂತ ಹೇಳಬಹುದು. ಈ ಮಳೆಗಾಲದಲ್ಲಿ ಮಾದಾಪುರದ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ನಿಮಗೇ ಗೊತ್ತಲ್ಲ. ಮರ ಬಿದ್ದು ಲೈನ್ ಹೋದರೆ ಮುಗೀತು. ಮೆಷಿನ್‌ನ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಕೇಳಿಕೊಳ್ಳಿ. ಸಾಧ್ಯವಾದರೆ ಆ ವಾರಗಳಲ್ಲಿ ಮೈಸೂರಿನಲ್ಲೋ ಹುಣಸೂರಿನಲ್ಲೋ ನೆಂಟರ ಮನೆ ಇದ್ದರೆ ಅಲ್ಲೇ ಇರಿ. ಡ್ರೆಸ್ಸಿಂಗಿಗೆ ಅಂತ ಪ್ರತಿ ಸಲ ಆ ರಸ್ತೆಯಲ್ಲಿ ಕಾಲು ಕುಲುಕಿಸಿಕೊಂಡು ಹೋಗೋದು ಶೀಟಿಗೂ ಒಳ್ಳೆಯದಲ್ಲ, ಅಮ್ಮನಿಗೂ ಅಲ್ಲ.

ಏನು ನೋಡಬೇಕು ಅಂದರೆ: ಶೀಟಿನ ಕೆಳಗೆ ನೀರೋ ರಕ್ತವೋ ಉಬ್ಬಿ ನಿಂತಿದೆಯಾ, ಕೆಟ್ಟ ವಾಸನೆ ಬರುತ್ತಿದೆಯಾ, ಸುತ್ತಲಿನ ಚರ್ಮ ಬಿಸಿ ಇದೆಯಾ, ಜ್ವರ ಇದೆಯಾ, ಕಾರಣ ಇಲ್ಲದೆ ಶುಗರ್ ಏರುತ್ತಿದೆಯಾ. ಕೊನೆಯದನ್ನು ಜನ ಲೆಕ್ಕಕ್ಕೆ ತಗೊಳ್ಳಲ್ಲ, ಆದರೆ ಸೋಂಕು ಬಂದಾಗ ಎಷ್ಟೋ ಸಲ ಶುಗರ್ರೇ ಮೊದಲು ಹೇಳುತ್ತದೆ. ಒಂದು ಕಡೆ ಕೀವು ಆಯಿತು ಅಂದರೆ ಇಡೀ ಶೀಟ್ ಹೋಯಿತು ಅಂತಲೂ ಅಲ್ಲ. ಆ ಭಾಗ ಮಾತ್ರ ಕತ್ತರಿಸಿ ತೊಳೆದು ಉಳಿದಿದ್ದನ್ನು ಉಳಿಸಿಕೊಳ್ಳುತ್ತಾರೆ.

ಊಟ. ಅಮ್ಮ ಸಸ್ಯಾಹಾರಿನಾ? ಇಲ್ಲಾಂದ್ರೆ ಮೊಟ್ಟೆ, ಮೀನು, ಕೋಳಿ ಕೊಡಿ. ಗಂಜಿ ಕುಡಿಸಿ ಕುಡಿಸಿ ಮಲಗಿಸಬೇಡಿ. ಇಷ್ಟು ದೊಡ್ಡ ಗಾಯದಿಂದ ದಿನಾ ಪ್ರೊಟೀನ್ ಸೋರಿ ಹೋಗುತ್ತಿರುತ್ತದೆ. ರಕ್ತದಲ್ಲಿರೋ ಪ್ರೊಟೀನ್, ಆಲ್ಬುಮಿನ್, ಎಷ್ಟಿದೆ ಅಂತ ರಿಪೋರ್ಟ್‌ನಲ್ಲಿ ನೋಡಿ, ತುಂಬಾ ಕಮ್ಮಿ ಇದ್ದರೆ ಗ್ರಾಫ್ಟ್ ಹಿಡಿಯೋದು ಕಷ್ಟ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಎಷ್ಟು ಕೊಡಬೇಕು ಅಂತ ಡಾಕ್ಟ್ರನ್ನು ಕೇಳಿ ಕೊಡಿ.

—

ಮಾದಾಪುರ_ಮಗಳು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡಾಪ್ಲರ್ ಆಗಿದೆ, ರಕ್ತ ಹೋಗುತ್ತಿದೆ ಅಂದರು. ಆಲ್ಬುಮಿನ್ ಕಮ್ಮಿ ಇದೆ, ಇವತ್ತೇ ಮೊಟ್ಟೆ ಶುರು ಮಾಡಿದ್ದೇವೆ.

ಇನ್ನೊಂದು ಕೇಳಬೇಕು, ಕೇಳೋಕೆ ಮುಜುಗರ. ಆ ಶೀಟ್ ದನದಿಂದ ಮಾಡೋದು ಅಂತ ಯಾರೋ ಅಜ್ಜಿ ಕಿವಿಗೆ ಹಾಕಿದ್ದಾರೆ. ಮನೆಯಲ್ಲಿ ದೊಡ್ಡ ಗಲಾಟೆ. ಅಮ್ಮನಿಗಿಂತ ಅಜ್ಜಿಗೇ ಜಾಸ್ತಿ ಸಂಕಟ. ನಿಜನಾ?

—

ಗೋಣಿಕೊಪ್ಪ_ಸರ್ಜನ್:

ಮುಜುಗರ ಪಡಬೇಡಿ, ನಮ್ಮ ಜಿಲ್ಲೆಯವರು ಬಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಯಾವ ಶೀಟ್ ಅನ್ನೋದರ ಮೇಲೆ ಹೋಗುತ್ತದೆ.

ಎಲ್ಲಕ್ಕಿಂತ ಹಳೆಯದು, ಹೆಚ್ಚು ಬಳಕೆಯಲ್ಲಿರೋದು ಇಂಟಿಗ್ರಾ. ಅಮೆರಿಕದ ಬೋಸ್ಟನ್‌ನಲ್ಲಿ ಜಾನ್ ಬರ್ಕ್ ಅನ್ನೋ ಸರ್ಜನ್, ಅಯೋನಿಸ್ ಯಾನ್ನಾಸ್ ಅನ್ನೋ ಎಂಜಿನಿಯರಿಂಗ್ ಪ್ರೊಫೆಸರ್ ಸೇರಿ ಮಾಡಿದ್ದು. ಸುಟ್ಟಗಾಯದ ರೋಗಿಗಳ ಮೇಲೆ ಬಳಸಿದ ವರದಿ 1981ರಲ್ಲಿ ಬಂತು, ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಅದರಲ್ಲಿ ದನದ ಕೊಲಾಜೆನ್ ಇದೆ, ಅಂದರೆ ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೊಟೀನ್, ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ಇನ್ನೊಂದು ಪದಾರ್ಥ ಇದೆ, ಮೇಲೆ ಸಿಲಿಕಾನ್ ಪೊರೆ. ಮ್ಯಾಟ್ರಿಡರ್ಮ್ ಅಂತ ಇನ್ನೊಂದು ಬರುತ್ತದೆ, ಅದೂ ದನದ ಕೊಲಾಜೆನ್ನೇ, ಜೊತೆಗೆ ಇಲಾಸ್ಟಿನ್, ಚರ್ಮ ಹಿಗ್ಗಿ ಕುಗ್ಗೋಕೆ ಬೇಕಾದ ಪ್ರೊಟೀನ್. ಅದು ತೆಳು ಇರುವುದರಿಂದ ಕೆಲವು ಗಾಯಗಳಲ್ಲಿ ಗ್ರಾಫ್ಟನ್ನೂ ಅದೇ ದಿನ ಹಾಕಬಹುದು.

ಪ್ರಾಣಿಯದ್ದು ಏನೂ ಇಲ್ಲದ್ದು ಬೇಕು ಅಂದರೆ ನೊವೊಸಾರ್ಬ್ ಬಿಟಿಎಂ ಇದೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ್ದು, ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ಪಾಲಿಯುರೆಥೇನ್ ಫೋಮ್, 2 ಮಿಲಿಮೀಟರ್ ದಪ್ಪ, ಪೂರ್ತಿ ಕಾರ್ಖಾನೆಯಲ್ಲೇ ಮಾಡಿದ್ದು. ಮೇಲಿನ ಪೊರೆ ಸುಲಿಯುತ್ತಾರೆ, ಒಳಗಿನ ಫೋಮ್ ನಿಧಾನಕ್ಕೆ ಒಂದೂವರೆ ವರ್ಷದ ಹೊತ್ತಿಗೆ ಮೈಯಲ್ಲಿ ಕರಗುತ್ತದೆ. ಇಂಟಿಗ್ರಾಕ್ಕಿಂತ ಇದು ಮಾಗೋಕೆ ಸ್ವಲ್ಪ ಹೆಚ್ಚು ದಿನ ಬೇಕು. ಆದರೆ ಸಣ್ಣಪುಟ್ಟ ಸೋಂಕು ಬಂದರೂ ತಡೆದುಕೊಳ್ಳುತ್ತದೆ, ಕೊಲಾಜೆನ್ ಆದರೆ ಕ್ರಿಮಿಗಳು ಅದನ್ನೇ ಕರಗಿಸಿಬಿಡುತ್ತವೆ. ಈ ಕಾಯಿಲೆ ಆದ ಗಾಯಗಳಲ್ಲಿ ಕೆಲವು ಸರ್ಜನ್‌ಗಳು ಅದನ್ನೇ ಇಷ್ಟಪಡೋದು ಈ ಕಾರಣಕ್ಕೆ. ಹಾಗಂತ ಇದೇ ಗೆದ್ದಿತು ಅನ್ನುವಂತಿಲ್ಲ, ಈ ಕಾಯಿಲೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ದೊಡ್ಡ ಅಧ್ಯಯನ ಇಲ್ಲ. ಇರುವುದೆಲ್ಲ ಕೆಲವೇ ರೋಗಿಗಳ ವರದಿಗಳು.

ನಿಮ್ಮ ಆಸ್ಪತ್ರೆಗೆ ಯಾವುದು ತರಿಸುತ್ತಾರೆ ಕೇಳಿ. ಅಜ್ಜಿಯ ಮಾತನ್ನು ಆಪರೇಷನ್ ದಿನ ಬೆಳಿಗ್ಗೆ ಹೇಳಬೇಡಿ, ಈಗಲೇ ಹೇಳಿ. ಇದನ್ನು ಕೇಳಿ ಯಾವ ಸರ್ಜನ್ನೂ ನಗಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡೋದು ಅಮ್ಮ, ಕಾಲೂ ಅವರದು, ಹಾಗಾಗಿ ಅವರು ಏನಂತಾರೆ ಅನ್ನೋದೇ ಕೊನೆ ಮಾತು.

—

ವಿರಾಜಪೇಟೆ_ಬ್ರದರ್:

ನಮ್ಮ ಮನೆಯಲ್ಲಿ ಇದೇ ಪ್ರಶ್ನೆ ಉಲ್ಟಾ ಬಂದಿತ್ತು, ಹಂದಿಯದ್ದಾ ಅಂತ. ಹಂದಿ ಚರ್ಮದಿಂದ ಮಾಡೋವೂ ಇವೆ, ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಉಸ್ತಾದರ ಹತ್ತಿರ ಕೇಳಿದಾಗ ಬೇರೆ ದಾರಿ ಇಲ್ಲದಿದ್ದರೆ ಚಿಕಿತ್ಸೆಗೆ ಪರವಾಗಿಲ್ಲ ಅಂದರು. ಕೊನೆಗೆ ಅದು ಬೇಕಾಗಲೇ ಇಲ್ಲ, ನೇರ ಗ್ರಾಫ್ಟ್‌ನಲ್ಲೇ ಮುಗಿಯಿತು. ಅಜ್ಜಿಗೆ ಬೈಯಬೇಡಿ, ಕೂರಿಸಿ ಹೇಳಿ.

—

ಶಾಂತಳ್ಳಿ_ರೈತ:

ನನಗೆ ಆದದ್ದೂ ಇದೇ ಕಾಯಿಲೆ, ಬಲಗಾಲು. ನಾನು ದುಡ್ಡಿನ ವಿಷಯ ಹೇಳುತ್ತೇನೆ, ಬೇರೆ ಯಾರೂ ಹೇಳಲ್ಲ.

ನಾನು ಇದ್ದ ಖಾಸಗಿ ಆಸ್ಪತ್ರೆ ಒಂದರಲ್ಲಿ ‘ಕೃತಕ ಚರ್ಮ ಹಾಕುತ್ತೇವೆ’ ಅಂತ ಹೇಳಿ ದುಡ್ಡು ಕಟ್ಟಿಸಿಕೊಂಡರು. ಡಿಸ್ಚಾರ್ಜ್ ಆದಮೇಲೆ ಬಿಲ್ ನೋಡಿದರೆ ಇದ್ದದ್ದು ಕೊಲಾಜೆನ್ ಶೀಟ್. ಆಮೇಲೆ ಬೇರೆ ಡಾಕ್ಟ್ರು ಹೇಳಿದರು, ಅದು ಡ್ರೆಸ್ಸಿಂಗ್ ಅಂತೆ, ಗಾಯ ಮುಚ್ಚಿ ಇಡೋಕೆ ಸ್ವಲ್ಪ ದಿನ ಅಂಟಿಸಿ ಆಮೇಲೆ ಉದುರಿ ಹೋಗುವಂಥದ್ದು. ಕೆಟ್ಟದ್ದಲ್ಲ, ಆದರೆ ನೀವು ಮಾತಾಡುತ್ತಿರುವ ಶೀಟ್ ಅದಲ್ಲ, ಬೆಲೆಯಲ್ಲೂ ಅಜಗಜಾಂತರ. ಕಂಪನಿ ಹೆಸರು, ಅಳತೆ, ಎಷ್ಟು ಶೀಟ್ ಅಂತ ಮೊದಲೇ ಬರೆಸಿಕೊಳ್ಳಿ. ಡಬ್ಬದ ಮೇಲಿನ ಸ್ಟಿಕರ್ ಆಸ್ಪತ್ರೆಯ ನಿಮ್ಮ ಫೈಲಿಗೆ ಅಂಟಿಸಿರಬೇಕು, ಕೇಳಿ ಫೋಟೊ ತೆಗೆದುಕೊಳ್ಳಿ.

ಆಮೇಲಿನ ಬದುಕು. ಹಾಕಿದ ಚರ್ಮದಲ್ಲಿ ಬೆವರು ಬರಲ್ಲ, ಎಣ್ಣೆ ಅಂಶ ಇಲ್ಲ, ಕೂದಲಿಲ್ಲ. ಒಣಗಿ ಬಿರಿಯುತ್ತದೆ, ತುರಿಕೆ ಅಂದರೆ ರಾತ್ರಿ ನಿದ್ದೆ ಕೆಡುವಷ್ಟು. ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಬಿಗಿಯಾದ ಸ್ಟಾಕಿಂಗ್ ಕೊಟ್ಟಿದ್ದರು, ಬೇಸಿಗೆಯಲ್ಲಿ ಅದನ್ನು ಹಾಕಿಕೊಳ್ಳೋದು ಹಿಂಸೆ, ಆದರೂ ಬಿಡಬೇಡಿ, ಬಿಟ್ಟ ಕಡೆ ನನಗೆ ಚರ್ಮ ಗಟ್ಟಿಯಾಗಿ ಎದ್ದಿದೆ. ಬಣ್ಣ ಎಂದೂ ಒಂದೇ ಆಗಲ್ಲ, ಅದನ್ನು ನಾನು ತಲೆಗೆ ಹಾಕಿಕೊಂಡಿಲ್ಲ.

ತೋಟದ ಕೆಲಸ ಮಾಡುವವರಿಗೆ ದೊಡ್ಡ ತೊಂದರೆ ಸ್ಪರ್ಶ ಇಲ್ಲದಿರೋದು. ಜಿಗಣೆ ಹತ್ತಿದ್ದು ಗೊತ್ತೇ ಆಗಲ್ಲ. ಗಂಬೂಟಿನೊಳಗೆ ಕಲ್ಲು ಸೇರಿ ಉಜ್ಜಿದರೂ ಗೊತ್ತಾಗಲ್ಲ, ಬೂಟು ಬಿಚ್ಚಿದಾಗ ರಕ್ತ ನೋಡೋದು. ಅಮ್ಮನಿಗೆ ಶುಗರ್ ಬೇರೆ ಇದೆ. ಮನೆಗೆ ಬಂದ ಕೂಡಲೇ ಕಾಲು ತೊಳೆದು, ಒರೆಸಿ, ಬೆಳಕಿನಲ್ಲಿ ನೋಡುವ ಅಭ್ಯಾಸ ಮಾಡಿಸಿ. ಬೂಟನ್ನು ಒಂದು ಅಳತೆ ದೊಡ್ಡದು ತಗೊಳ್ಳಿ, ಒಳಗೆ ದಪ್ಪ ಕಾಲುಚೀಲ.

—

ಸೋಮವಾರಪೇಟೆ_ಪೇಟೆಬೀದಿ:

ದುಡ್ಡಿನ ಮಾತು ಬಂತಲ್ಲ ಅಂತ ಹೇಳುತ್ತಿದ್ದೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿದ್ದರೆ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ ಸರ್ಕಾರ ಕೊಡುತ್ತದೆ, ಅದೂ 1.5 ಲಕ್ಷದ ಮಿತಿ. ತುರ್ತು ಇಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನಿಮ್ಮದು ಮಡಿಕೇರಿಯಿಂದ ಹೋದದ್ದು, ಆ ಚೀಟಿ ಜೋಪಾನ.

ಆದರೆ ಪ್ಯಾಕೇಜ್ ಅಂದರೆ ಒಂದು ಆಪರೇಷನ್‌ಗೆ ಇಂತಿಷ್ಟು ಅಂತ ನಿಗದಿ ಆಗಿರುತ್ತದೆ. ಗ್ರಾಫ್ಟ್ ಅದರಲ್ಲಿ ಬರುತ್ತದೆ, ಈ ಶೀಟಿನ ಬೆಲೆ ಅದರೊಳಗೆ ಹಿಡಿಸುತ್ತಾ ಇಲ್ಲವಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳೋ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ. ಸಹಕಾರಿ ಸೊಸೈಟಿ ಸದಸ್ಯರಾಗಿದ್ದು ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದರೆ ಅದನ್ನೂ ಕೇಳಿ. ಬೆಳೆಗಾರರು ತುಂಬಾ ಜನ ಕಂತು ಕಟ್ಟಿ ಮರೆತೇ ಬಿಟ್ಟಿರುತ್ತಾರೆ.

ನನ್ನದೊಂದು ಪ್ರಶ್ನೆ. ಸತ್ತವರ ಚರ್ಮ ದಾನ ಪಡೆದು ಹಾಕುತ್ತಾರಲ್ಲ, ಅದು ಆಗಲ್ವಾ? ಅದಕ್ಕೆ ಇಷ್ಟು ಖರ್ಚು ಇರಲ್ಲ ಅನ್ನಿಸುತ್ತೆ.

—

ಗೋಣಿಕೊಪ್ಪ_ಸರ್ಜನ್:

ಆಗುತ್ತದೆ, ಆದರೆ ಅದು ತಾತ್ಕಾಲಿಕ ಹೊದಿಕೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಚರ್ಮ ಬ್ಯಾಂಕ್ ಇದೆ. ಸತ್ತ 6 ಗಂಟೆಯೊಳಗೆ ತೊಡೆ, ಬೆನ್ನಿನಿಂದ ತೆಳು ಪದರ ತೆಗೆದು ಗ್ಲಿಸರಾಲ್‌ನಲ್ಲಿ ಇಟ್ಟಿರುತ್ತಾರೆ, ವರ್ಷಗಟ್ಟಲೆ ಕೆಡಲ್ಲ. ಮೈತುಂಬ ಸುಟ್ಟು, ತೆಗೆಯೋಕೆ ಸ್ವಂತ ಚರ್ಮವೇ ಉಳಿದಿಲ್ಲದವರಿಗೆ ಅದು ಜೀವ ಉಳಿಸುತ್ತದೆ. ಎರಡು ಮೂರು ವಾರ ಅಂಟಿಕೊಂಡಿದ್ದು ಆಮೇಲೆ ಉದುರುತ್ತದೆ, ಪರರ ಚರ್ಮವನ್ನು ಮೈ ಇಟ್ಟುಕೊಳ್ಳಲ್ಲ. ಈ ಅಮ್ಮನಿಗೆ ತೊಡೆ ಇದೆ, ಚರ್ಮ ಇದೆ. ಕಮ್ಮಿ ಇರೋದು ಗಿಣ್ಣಿನ ಮೇಲೆ ಒಂದು ಒಳಪದರ. ಅದನ್ನು ದಾನದ ಚರ್ಮ ಕೊಡಲ್ಲ.

ಶಾಂತಳ್ಳಿಯವರು ಹೇಳಿದ ಸ್ಟಿಕರ್ ಮಾತು ಚಿನ್ನದಂಥದ್ದು, ಎಲ್ಲರೂ ಬರೆದಿಟ್ಟುಕೊಳ್ಳಿ.

ಒಂದು ಮಾತು ಬಿಟ್ಟಿದ್ದೆ. ಶೀಟಿಗೂ ಮಿತಿ ಇದೆ. ಟೆಂಡನ್ ಸಣ್ಣ ಜಾಗದಲ್ಲಿ ಕಾಣುತ್ತಿದ್ದು ಸುತ್ತ ಒಳ್ಳೆ ಮಾಂಸ ಇದ್ದರೆ ಅಕ್ಕಪಕ್ಕದಿಂದ ರಕ್ತನಾಳ ಬೆಳೆದು ಬಂದು ಮುಚ್ಚುತ್ತದೆ. ತುಂಬಾ ಅಗಲಕ್ಕೆ ಬರಿದಾಗಿದ್ದರೆ, ಇಲ್ಲವೇ ಟೆಂಡನ್ ಒಣಗಿ ಹಳದಿಯಾಗಿದ್ದರೆ, ಶೀಟ್ ಮೇಲೆ ಶೀಟ್ ಹಾಕಿದರೂ ಪ್ರಯೋಜನ ಇಲ್ಲ. ಆಗ ಬೇರೆ ಕಡೆಯಿಂದ ರಕ್ತನಾಳದ ಸಮೇತ ಮಾಂಸ ತಂದು ಜೋಡಿಸಬೇಕು, ಫ್ಲ್ಯಾಪ್ ಅಂತಾರೆ. ಅದು ಗಂಟೆಗಟ್ಟಲೆ ನಡೆಯೋ ಆಪರೇಷನ್. ಈಗಷ್ಟೇ ಐಸಿಯುನಿಂದ ಬಂದ ಶುಗರ್ ಇರೋ ಹೆಂಗಸಿಗೆ ಅಷ್ಟು ಹೊತ್ತು ಅರಿವಳಿಕೆ ಕೊಡೋದು ಯಾರಿಗೂ ಇಷ್ಟ ಆಗಲ್ಲ. ನಿಮ್ಮ ಸರ್ಜನ್ ಶೀಟ್ ಹೇಳಿದ್ದು ಬಹುಶಃ ಅದನ್ನು ತಪ್ಪಿಸೋಕೆ. ಇದನ್ನು ಅಣ್ಣನಿಗೆ ಹೇಳಿ. ಅವರ ಲೆಕ್ಕದಲ್ಲಿ ಶೀಟ್ ಅಂದರೆ ಒಂದು ಆಪರೇಷನ್ ಜಾಸ್ತಿ. ಸರ್ಜನ್ ಲೆಕ್ಕದಲ್ಲಿ ಅದು ಒಂದು ದೊಡ್ಡ ಆಪರೇಷನ್ ಕಮ್ಮಿ.

—

ಮಾದಾಪುರ_ಮಗಳು:

ಇವತ್ತು ಸರ್ಜನ್ ಸಿಕ್ಕಿದರು. ‘ಎಲ್ಲ ಕಡೆ ಬೇಕಾ’ ಅಂತ ಕೇಳಿದ ಕೂಡಲೇ ಅವರೇ ಕುರ್ಚಿ ಎಳೆದು ಕೂತರು. ಗಿಣ್ಣಿನ ಮುಂದೆ ಮಾತ್ರ ಶೀಟ್, ಮೀನಖಂಡಕ್ಕೆ ಅದೇ ದಿನ ಗ್ರಾಫ್ಟ್ ಅಂದರು. ಕಲ್ಚರ್ ಇನ್ನೊಂದು ಸಲ ಕಳಿಸಿದ್ದಾರೆ, ಅದು ಬಂದಮೇಲೆ ದಿನ ಗೊತ್ತು ಮಾಡುತ್ತಾರಂತೆ. ಫ್ಲ್ಯಾಪ್ ವಿಷಯ ಕೇಳಿದ ಮೇಲೆ ಅಣ್ಣ ಸುಮ್ಮನಾದ. ಪ್ರಾಣಿಯದ್ದು ಬೇಡ ಅಂತ ಹೇಳಿದ್ದಕ್ಕೆ ವಿಚಾರಿಸುತ್ತೇನೆ ಅಂದಿದ್ದಾರೆ. ಆದರೆ ಅಮ್ಮ ‘ಕಾಲು ನೆಟ್ಟಗಾಗಲಿ, ಯಾವುದಾದರೂ ಹಾಕಿ’ ಅಂತ ಅವರ ಮುಂದೆಯೇ ಹೇಳಿಬಿಟ್ಟರು. ಅಜ್ಜಿ ಈಗ ಅಮ್ಮನ ಹತ್ತಿರ ಮಾತು ಬಿಟ್ಟಿದ್ದಾರೆ.

ಫೋಟೊ ಇದೆ, ಇಲ್ಲಿ ಹಾಕಲಾ?

—

ಕುಶಾಲನಗರ_ಸಿಸ್ಟರ್:

ಇಲ್ಲಿ ಬೇಡ ಅಕ್ಕಾ, ನೋಡಿದವರೆಲ್ಲ ಒಂದೊಂದು ಹೇಳುತ್ತಾರೆ. ಆದರೆ ಪ್ರತಿ ಡ್ರೆಸ್ಸಿಂಗಿಗೆ ಒಂದು ತೆಗೆದು ಇಟ್ಟುಕೊಳ್ಳಿ, ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ತಾರೀಕು ಬರೆದು. ಡ್ಯೂಟಿ ಬದಲಾದಾಗ ಹೊಸ ಡಾಕ್ಟ್ರಿಗೆ ಅದನ್ನು ತೋರಿಸಿದರೆ ಅರ್ಧ ಗಂಟೆಯ ಮಾತು ಉಳಿಯುತ್ತದೆ. ಆಮೇಲೆ, ತೊಡೆಯಿಂದ ಚರ್ಮ ತೆಗೆದ ಜಾಗ ಕಾಲಿಗಿಂತ ಜಾಸ್ತಿ ಉರಿಯುತ್ತದೆ. ಅಮ್ಮನಿಗೆ ಮೊದಲೇ ಹೇಳಿಟ್ಟಿರಿ, ಇಲ್ಲಾಂದ್ರೆ ಅಲ್ಲೂ ಸೋಂಕಾಯ್ತು ಅಂತ ಹೆದರುತ್ತಾರೆ. ಎರಡು ವಾರದಲ್ಲಿ ಮಾಯುತ್ತದೆ. ಅಂಟಿಕೊಂಡ ಗಾಜ್ ಬಟ್ಟೆಯನ್ನು ಮಾತ್ರ ಎಳೆಯೋಕೆ ಹೋಗಬೇಡಿ, ಅಂಚು ಎದ್ದಷ್ಟು ಕತ್ತರಿಸುತ್ತಾ ಬನ್ನಿ.